ಗನ್ನಿನ ಹಿಂದೆ ಎಮ್ಮೆ, ಮುಂದೆ ಕಬ್ಬು

ಕೆಂಗೇರಿ ಉಪನಗರದ ಮೈದಾನದಲ್ಲಿ ಸೈನ್ಯದ ಭರ್ತಿಗೆಂದು ಬೆಳಗಿನ ಹೊತ್ತು ಓಡುವ ಹುಡುಗರು ನನ್ನನ್ನು ಕಂಡರೆ ನಿಲ್ಲುತ್ತಾರೆ. ಮೆಟ್ರೋ ಹಿಡಿದು ಬರುವವರುಂಟು, ಲಗ್ಗೆರೆಯಿಂದ ಒಂದೇ ಬೈಕಿನಲ್ಲಿ ಇಬ್ಬಿಬ್ಬರು ಬರುವವರುಂಟು. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನಾನು ಪದಾತಿದಳದಲ್ಲಿ ಟ್ಯಾಂಕ್ ನಿರೋಧಕ ಗನ್ನಿನ ಮೇಲೆ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು ಎಂಬುದು ಅವರಿಗೆ ಗೊತ್ತು. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಸಾರ್, ಎಷ್ಟು ಟ್ಯಾಂಕ್ ಹೊಡ್ದಿದೀರಾ?”

“ಒಂದೂ ಇಲ್ಲ ಕಣೋ” ಅಂದರೆ ಮುಖ ಸಪ್ಪಗಾಗುತ್ತದೆ. ಮೊನ್ನೆ ಒಬ್ಬ ತನ್ನ ಗೆಳೆಯನಿಗೆ, ನನಗೆ ಕೇಳುವ ಹಾಗೆಯೇ, “ಬಾ ಮಗಾ, ಇನ್ನೊಂದ್ ರೌಂಡ್ ಓಡೋಣ, ಟೈಮ್ ಆದ್ರೂ ಉಳಿಯುತ್ತೆ” ಅಂದ. ನನಗೆ ಸಿಟ್ಟು ಬರಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಆ ಹುಡುಗನಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಪಟ್ಟಿ ನನ್ನ ತೋಳಿಗೆ ಬಂತು ಎಂಬುದರಿಂದ ಅವನಿಗೆ ಪ್ರಯೋಜನವಿಲ್ಲ. ಕೆಲಸ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ಪ್ರಯೋಜನವಿದೆ. ಗಡಿಯ ಕಾವಲಿನಲ್ಲಿ ಗನ್ ಹಾರಿಸುವುದು ಅಪರೂಪ. ಗನ್ನಿನ ಮುಂದೆ ಏನಿದೆ, ಹಿಂದೆ ಏನಿದೆ ಎಂದು ದಿನವೂ ನೋಡಿ ಎರಡೂ ಕಡೆ ತೆರವಾಗಿಟ್ಟುಕೊಳ್ಳುವುದೇ ನಿಜವಾದ ದುಡಿಮೆ. ಒಂದು ಸಲ ನನ್ನ ಗನ್ನಿನ ಹಿಂದೆ ಒಬ್ಬ ಮುದುಕಿಯ ಎಮ್ಮೆಗಳಿದ್ದವು, ಮುಂದೆ ಅವಳದೇ ಕಬ್ಬು ಇತ್ತು. ಗನ್ನೂ ಕೆಲಸಕ್ಕೆ ಬರಬೇಕು, ಆ ಹೆಂಗಸಿನ ಬಾಳೂ ಮುಳುಗಬಾರದು. ನನ್ನ ಸರ್ವೀಸಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ನನಗೆ ಬಿದ್ದಿಲ್ಲ.

ಮೊದಲು ಆ ಗನ್ ಎಂಥದ್ದು ಅಂತ ಹೇಳಿಬಿಡುತ್ತೇನೆ. ಒಲೆ ಊದುವ ಊದುಗೊಳವೆ ನೋಡಿದ್ದೀರಲ್ಲ, ಎರಡೂ ಕಡೆ ಬಾಯಿ? ನಮ್ಮದೂ ಅದೇ ಜಾತಿ, ಆಳುದ್ದಕ್ಕಿಂತ ದೊಡ್ಡದು ಅಷ್ಟೇ. ಗುಂಡು ಮುಂದಿನ ಬಾಯಿಂದ ಹೋದರೆ ಬೆಂಕಿ ಹಿಂದಿನ ಬಾಯಿಂದ ಹೋಗುತ್ತದೆ. ಅದಕ್ಕೇ ಅದು ಮಿಕ್ಕ ತೋಪುಗಳ ಹಾಗೆ ಹಿಂದಕ್ಕೆ ಒದೆಯುವುದಿಲ್ಲ. ಒದೆತ ಇಲ್ಲದ್ದರಿಂದ ಹಗುರ, ಜೀಪಿನ ಮೇಲೂ ಕೂರಿಸಬಹುದು, ಇಳಿಸಿ ನೆಲದ ಮೇಲೂ ಇಡಬಹುದು. ಆದರೆ ಹಾರಿಸುವಾಗ ಅದರ ಬೆನ್ನ ಹಿಂದೆ ನಿಂತವನು ಮನೆಗೆ ಹೋಗುವುದಿಲ್ಲ.

ಇದು ಎಲ್ಲರಿಗೂ ಗೊತ್ತಿರುವ ವಿಷಯ, ಎಲ್ಲರೂ ಮರೆಯುವ ವಿಷಯ. ಮನುಷ್ಯನ ಕಣ್ಣು ಯಾವಾಗಲೂ ಗನ್ನಿನ ಮೂತಿ ಕಡೆಗೇ ಹೋಗುತ್ತದೆ. ಅಭ್ಯಾಸದ ಮೈದಾನದಲ್ಲಿ ಒಮ್ಮೆ ದೊಡ್ಡ ಸಾಹೇಬರೊಬ್ಬರು ನೋಡಲು ಬರುತ್ತಾರೆಂದು ಅಡುಗೆಯವನು ಬಿಳಿ ಬಟ್ಟೆ ಹಾಸಿದ ಮೇಜು, ಟೀ ಕೆಟಲ್, ಬಿಸ್ಕತ್ತು ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿದ್ದ. ಗನ್ನಿನ ಹಿಂದೆ, ನೆರಳಿನಲ್ಲಿ. ಮುಂದೆ ಅಪಾಯ, ಹಿಂದೆ ಕ್ಷೇಮ ಅನ್ನುವುದು ಅವನ ಲೆಕ್ಕ. ಪುಣ್ಯಕ್ಕೆ ಅವನು ಸಕ್ಕರೆ ತರಲು ಹೋಗಿದ್ದ. ಗುಂಡು ಹಾರಿದ ಮೇಲೆ ಮೇಜು ಎಲ್ಲಿತ್ತು ಅಂತ ಹುಡುಕಬೇಕಾಯಿತು. ಸಾಹೇಬರು ಒಳ್ಳೆಯವರು, ಬೈಯಲಿಲ್ಲ. “ಟೀ ಸ್ವಲ್ಪ ಸ್ಟ್ರಾಂಗ್ ಆಯ್ತು” ಅಂದರು. ಆ ಮೇಲಿಂದ ಎಲ್ಲಿ ಹೋದರೂ ನಾನು ಮೊದಲು ಗನ್ನಿನ ಹಿಂದೆ ಹೋಗಿ ನಿಲ್ಲುತ್ತಿದ್ದೆ.

ಇನ್ನೊಂದು ಸಲ ಗಡಿಯ ಏರಿಯಲ್ಲಿ ಗನ್ ಇಡಲು ಕಾಂಕ್ರೀಟಿನ ಗೂಡುಗಳನ್ನು ಕಟ್ಟಿಸುತ್ತಿದ್ದರು. ಗುತ್ತಿಗೆದಾರ ಮರ್ಯಾದಸ್ಥ. ನಕ್ಷೆಯಲ್ಲಿ ಮೂರೇ ಗೋಡೆ ಇರುವುದನ್ನು ನೋಡಿ, ಬರೆದವರು ಮರೆತಿದ್ದಾರೆ ಅಂದುಕೊಂಡು, ಪಾಪ, ತನ್ನ ಖರ್ಚಿನಲ್ಲೇ ನಾಲ್ಕನೆಯ ಗೋಡೆ ಎಬ್ಬಿಸಿಬಿಟ್ಟಿದ್ದ. ಹಿಂಗೋಡೆ ಇಲ್ಲದ ಕಟ್ಟಡವನ್ನು ಅವನ ಗಾರೆಯವರು ಯಾರೂ ಜನ್ಮದಲ್ಲಿ ಕಟ್ಟಿರಲಿಲ್ಲ. ಆ ಗೂಡಿನೊಳಗಿಂದ ಹಾರಿಸಿದ್ದರೆ ಗನ್ನಿನ ಮೇಲಿನ ನಾವು ನಾಲ್ಕೂ ಜನ ಒಳಗೇ ಬೆಂದುಹೋಗುತ್ತಿದ್ದೆವು. ಒಡೆಯುವ ಕೂಲಿ ಯಾರದು ಎಂದು ಇಂಜಿನಿಯರಿಗೂ ಅವನಿಗೂ ಜಗಳ ಹತ್ತಿತು. ನಾನು ನಡುವೆ ಬಾಯಿ ಹಾಕಿ, ಗೋಡೆ ನಮ್ಮ ಹುಡುಗರೇ ಬಿಚ್ಚುತ್ತಾರೆ, ಇಟ್ಟಿಗೆ ನಮಗೇ ಬಿಡಿ ಅಂದೆ. ಇಬ್ಬರ ಮಾನವೂ ಉಳಿಯಿತು, ನಮ್ಮ ಅಡುಗೆ ಡೇರೆಗೆ ಒಳ್ಳೆಯ ಒಲೆಕಟ್ಟೆಯೂ ಆಯಿತು.

ಚೌಕಾಸಿ ನನಗೆ ಸೈನ್ಯ ಕಲಿಸಿದ್ದಲ್ಲ. ಬಾಪೂಜಿ ನಗರದಲ್ಲಿ ನಮ್ಮಮ್ಮ ಬುಟ್ಟಿ ಇಟ್ಟುಕೊಂಡು ಸೊಪ್ಪು ಮಾರುತ್ತಿದ್ದಳು, ಅವಳ ಪಕ್ಕದಲ್ಲಿ ಕೂತೇ ನಾನು ಬೆಳೆದದ್ದು. ಗಿರಾಕಿಯ ಕೈ ಯಾವ ಕಟ್ಟಿನ ಮೇಲೆ ನಿಂತಿತು ಎಂದು ನೋಡುವುದನ್ನು ಅವಳು ಕಲಿಸಿದಳು. ಬಾಯಿ ಬೇಡ ಅನ್ನುತ್ತಿದ್ದರೂ ಕೈ ಅಲ್ಲೇ ಇರುತ್ತದೆ. ನಮ್ಮ ಗನ್ನಿನ ನೆತ್ತಿಯ ಮೇಲೂ ಒಂದು ಸಣ್ಣ ರೈಫಲ್ ಇರುತ್ತದೆ. ದೊಡ್ಡ ಗುಂಡಿಗೆ ಮುಂಚೆ ಅದರಿಂದ ಒಂದು ಸಣ್ಣ ಗುಂಡು ಹಾರಿಸಿ, ಎಲ್ಲಿ ಬಿತ್ತು ಎಂದು ನೋಡಿಕೊಳ್ಳಬೇಕು. ಅದನ್ನು ಮೊದಲ ದಿನ ಕಂಡಾಗಲೇ ನನಗೆ ನಗು ಬಂತು. ಸೊಪ್ಪಿನ ಬುಟ್ಟಿಯ ಮುಂದೆ ಮಾಡಿದ್ದೂ ಅದನ್ನೇ, ಮೊದಲು ಒಂದು ಬೆಲೆ ಹೇಳಿ ಗಿರಾಕಿಯ ಕೈ ನೋಡುವುದು. ಹುಡುಗರೇ, ನೀವೂ ಇದನ್ನು ಕಲಿತುಕೊಳ್ಳಿ. ಸೈನ್ಯದಲ್ಲಿ ಆಜ್ಞೆ ಮೇಲಿನಿಂದ ಬರುತ್ತದೆ, ನಿಜ. ಆದರೆ ಅದು ನೆಲ ಮುಟ್ಟುವ ಕಡೆ ಒಬ್ಬ ರೈತ, ಒಬ್ಬ ಲಾರಿ ಡ್ರೈವರ್, ಒಬ್ಬ ಸ್ಟೋರಿನವನು ಇರುತ್ತಾನೆ. ಅಲ್ಲಿ ಆಜ್ಞೆ ನಡೆಯುವುದಿಲ್ಲ, ಮಾತೇ ನಡೆಯುವುದು.

ಈಗ ಆ ಮುದುಕಿಯ ವಿಷಯ.

ಎರಡೂ ದೇಶದ ಸೈನ್ಯಗಳು ಗಡಿಗೆ ಬಂದು ಮುಖಾಮುಖಿ ಕೂತ ಒಂದು ಚಳಿಗಾಲ. ನಮ್ಮನ್ನು ಪಂಜಾಬಿನ ಒಂದು ಹಳ್ಳಿಯ ಪಕ್ಕದ ಏರಿಗೆ ಕಳಿಸಿದರು. ಉದ್ದಕ್ಕೆ ಕಂದಕ, ಅದರ ಹಿಂದೆ ಮಣ್ಣಿನ ಏರಿ, ಏರಿಯಲ್ಲಿ ಅಲ್ಲಲ್ಲಿ ಗನ್ನಿಗೆ ಗೂಡು. ಕಂದಕದ ಆಚೆ ಹೊಲಗಳು, ದೂರದಲ್ಲಿ ಒಂದು ಕಾಲುವೆ, ಅದರ ಮೇಲೆ ಒಂದು ಸಣ್ಣ ಸೇತುವೆ. ಟ್ಯಾಂಕ್ ಬಂದರೆ ಆ ಸೇತುವೆ ದಾಟಿಯೇ ಬರಬೇಕು, ಆದ್ದರಿಂದ ನಮ್ಮ ಗನ್ ಅದನ್ನೇ ನೋಡುತ್ತಿರಬೇಕು. ಹೂತಿಟ್ಟ ಮೈನುಗಳೆಲ್ಲ ಸೇತುವೆಯಾಚೆ ಇದ್ದವು. ಈಚೆಯ ಹೊಲಕ್ಕೆ ಓಡಾಡಬಹುದಿತ್ತು.

ನಾನು ಅಭ್ಯಾಸದಂತೆ ಮೊದಲು ಗೂಡಿನ ಹಿಂದೆ ಹೋದೆ. ಹೋದವನು ಅಲ್ಲೇ ನಿಂತೆ. ಗೂಡು ಕಟ್ಟಿದಾಗ ಬಯಲಾಗಿದ್ದ ಜಾಗದಲ್ಲಿ ಈಗ ಒಂದು ಹುಲ್ಲು ಹೊದಿಸಿದ ಕೊಟ್ಟಿಗೆ, ಪಕ್ಕದಲ್ಲಿ ಮೇವಿನ ಬಣವೆ, ಒಂದು ಕೈಪಂಪು. ಒಳಗೆ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಒಂದು ಇನ್ನೇನು ಕರು ಹಾಕುವ ಸ್ಥಿತಿಯಲ್ಲಿತ್ತು. ನನ್ನ ಜೊತೆ ಇದ್ದ ಬಸಪ್ಪ, ಬಾಗಲಕೋಟೆ ಕಡೆಯವನು, ನಮ್ಮ ಗನ್ನಿಗೆ ಗುರಿ ಇಡುವವನು, ಮೆಲ್ಲಗೆ ಅಂದ: “ಅಣ್ಣಾರ, ಇಲ್ಲಿಂದ ಒಂದ್ ಗುಂಡ್ ಹೊಡದ್ರ ಅವರ ಟ್ಯಾಂಕ್ ಉಳದ್ರೂ ಉಳೀಬಹುದು, ಈ ಎಮ್ಮಿ ಉಳಿಯೂದಿಲ್ರೀ.”

ಹಳ್ಳಿ ಬಹುತೇಕ ಖಾಲಿಯಾಗಿತ್ತು. ಈ ಮುದುಕಿಯ ಮಗ ಹೆಂಡತಿ ಮಕ್ಕಳನ್ನು ಮಾವನ ಊರಿನಲ್ಲಿ ಬಿಟ್ಟು, ಆಗಾಗ ಟ್ರ್ಯಾಕ್ಟರಿನಲ್ಲಿ ಬಂದು ತುಪ್ಪ ಒಯ್ಯುತ್ತಿದ್ದ. ಎಮ್ಮೆಗಳಿಗೆ ಅಲ್ಲಿ ಜಾಗವಿರಲಿಲ್ಲವಾದ್ದರಿಂದ ಅವಳು ಇಲ್ಲೇ ಉಳಿದಿದ್ದಳು. ಎಲ್ಲರೂ ಅವಳನ್ನು ಬೇಬೇ ಎನ್ನುತ್ತಿದ್ದರು, ಅಂದರೆ ಅಮ್ಮ. ಗಟ್ಟಿಮುಟ್ಟು ಹೆಂಗಸು, ನಮ್ಮ ಕ್ಯಾಪ್ಟನ್ ಭಂಡಾರಿ ಸಾಹೇಬರಿಗಿಂತ ಎತ್ತರ.

ಸಾಹೇಬರು ಕಿರಿಯರು, ಬುದ್ಧಿವಂತರು, ಅವಸರದವರು. ಕೊಟ್ಟಿಗೆ ಕೆಡವಿ ಅಂದರು. ಕಾನೂನಿನ ಪ್ರಕಾರ ಅವರ ಮಾತು ಸರಿ, ಪರಿಹಾರವನ್ನು ಸರ್ಕಾರ ಆಮೇಲೆ ಕೊಡುತ್ತದೆ. ನಾನು ಒಂದು ದಿನ ಟೈಮ್ ಕೇಳಿದೆ.

ಬೇಬೇ ಜೊತೆ ನನ್ನ ಅರೆಬರೆ ಹಿಂದಿಯಲ್ಲಿ, ಅವಳ ದಪ್ಪ ಪಂಜಾಬಿಯಲ್ಲಿ ಮಾತು ನಡೆಯಿತು. ಗನ್ ಹಿಂದಕ್ಕೂ ಉಗಿಯುತ್ತದೆ ಎಂಬುದನ್ನು ಅವಳು ನಂಬಲೇ ಇಲ್ಲ. ಕೊನೆಗೆ ಅವಳದೇ ಒಲೆಯ ಊದುಗೊಳವೆ ಎತ್ತಿ ತೋರಿಸಿದಾಗ ನಂಬಿದಳು. ಕೊಟ್ಟಿಗೆಯನ್ನು ನಾವೇ ಬಿಚ್ಚಿ ದೂರದಲ್ಲಿ ಕಟ್ಟಿಕೊಡುತ್ತೇವೆ ಅಂದೆ. ಅಲ್ಲಿಂದಾಚೆಯ ನೆಲ ಅವಳ ಮೈದುನನದು. ಅವನಿಗೂ ಇವಳಿಗೂ ಮಾತು ನಿಂತು ಯಾವುದೋ ಕಾಲವಾಗಿತ್ತು. ಎರಡು ದೇಶಗಳು ರಾಜಿ ಆದರೂ ಆದಾವು, ಅವನ ಹೊಲದಲ್ಲಿ ನನ್ನ ಗೂಟ ನೆಡುವುದಿಲ್ಲ ಅಂದಳು.

“ಎಮ್ಮೆಗೆ ಮಾತ್ರ ಜಾಗ ಬದಲಾಯಿಸು ಅಂತೀಯಲ್ಲ, ನಿನ್ನ ಗನ್ನಿಗೆ ಕಾಲಿಲ್ಲವಾ?”

ಇತ್ತು. ಪ್ರತಿ ಗನ್ನಿಗೂ ಒಂದು ಬದಲಿ ಜಾಗ ಗೊತ್ತು ಮಾಡಿರುತ್ತಾರೆ. ನಮ್ಮದು ಏರಿಯ ತಿರುವಿನಲ್ಲಿ, ತಗ್ಗಿನಲ್ಲಿತ್ತು. ಅದರ ಹಿಂದೆ ಬರೀ ಬಯಲು. ತೊಂದರೆ ಮುಂದುಗಡೆ ಇತ್ತು. ಅಲ್ಲಿ ಕೂತು ನೋಡಿದರೆ ಸೇತುವೆ ಕಾಣುತ್ತಿರಲಿಲ್ಲ, ತಲೆಯೆತ್ತರಕ್ಕೂ ಮೀರಿದ ಕಬ್ಬು ಕಾಣುತ್ತಿತ್ತು. ಬೇಬೇಯ ಕಬ್ಬು.

ನಾನು ಕೈ ನೋಡಿದೆ. ಮಾತಾಡುತ್ತಿದ್ದಷ್ಟು ಹೊತ್ತೂ ಅವಳ ಕೈ ಆ ಗಬ್ಬದ ಎಮ್ಮೆಯ ಬೆನ್ನ ಮೇಲೇ ಇತ್ತು. ಸರಿ, ನನ್ನ ಸಣ್ಣ ಗುಂಡು ಹಾರಿಸಿದೆ. ಕೊಟ್ಟಿಗೆ ಇಲ್ಲೇ ಇರಲಿ, ಗನ್ ಆ ಕಡೆ ಹೋಗುತ್ತದೆ, ಆದರೆ ಕಬ್ಬು ಪೂರ್ತಿ ಕಡಿಯಬೇಕು ಅಂದೆ. ಅವಳು ಅರ್ಧಕ್ಕೆ ಇಳಿಸುತ್ತಾಳೆ, ನಾನು ಬೇಲಿಯಂಚಿನ ನಾಲ್ಕು ಸಾಲು ಬಿಡುತ್ತೇನೆ, ಅಷ್ಟಕ್ಕೆ ಮುಗಿಯುತ್ತದೆ ಎಂದು ನನ್ನ ಅಂದಾಜು. ಜನವಿಲ್ಲದ ಊರಿನಲ್ಲಿ ಬೆಲ್ಲ ಮಾಡುವವರಿಲ್ಲ, ಕಡಿದ ಕಬ್ಬೆಲ್ಲ ಮೇವಾಗುತ್ತದೆ. ಅವಳಿಗದು ದೊಡ್ಡ ಏಟು ಅಂತ ಗೊತ್ತಿತ್ತು.

ಅವಳು ಅರೆಗಳಿಗೆ ಯೋಚಿಸಿ, “ಆಯ್ತು, ಕಬ್ಬು ತಗೋ” ಅಂದುಬಿಟ್ಟಳು.

ಚೌಕಾಸಿ ಮಾಡದೆ ಒಪ್ಪಿಕೊಂಡವರನ್ನು ಕಂಡರೆ ನನಗೆ ಅವತ್ತೂ ಅನುಮಾನ, ಇವತ್ತೂ ಅನುಮಾನ. ಆದರೆ ಎಲ್ಲಿ ತಪ್ಪಿದೆ ಎಂದು ತಿಳಿಯಲಿಲ್ಲ. ಸಾಹೇಬರನ್ನು ಎರಡೂ ಜಾಗಕ್ಕೆ ನಡೆಸಿಕೊಂಡು ಹೋಗಿ ತೋರಿಸಿ ಒಪ್ಪಿಸಿದೆ. ನಾವೂ ಅವಳೂ ಸೇರಿ ಕಬ್ಬು ಕಡಿದೆವು. ಸೇತುವೆ ಅಂಗೈಯಲ್ಲಿಟ್ಟ ಹಾಗೆ ಕಂಡಿತು. ಎಮ್ಮೆ ಕರು ಹಾಕಿತು. ಬೇಬೇ ಗಿಣ್ಣು ಕಾಯಿಸಿ ನಮಗೂ ಕೊಟ್ಟಳು.

ಟ್ಯಾಂಕ್ ಬರಲಿಲ್ಲ. ಹಿಂದಕ್ಕೆ ಹೋಗುವ ಹುಕುಮೂ ಬರಲಿಲ್ಲ. ಕಾಯುವುದರ ಬಗ್ಗೆ ನಿಮಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಲ ವಾರ ಪ್ರತಿ ಸದ್ದೂ ಟ್ಯಾಂಕಿನದೇ. ಒಂದು ತಿಂಗಳಾದ ಮೇಲೆ ಟ್ಯಾಂಕ್ ನಿಜವಾಗಿ ಬಂದರೂ ಟ್ರ್ಯಾಕ್ಟರ್ ಅಂದುಕೊಳ್ಳುವ ಹಾಗೆ ಆಗಿಬಿಡುತ್ತೀರಿ. ಅದಕ್ಕೇ ಗನ್ ಒರೆಸುವುದು, ನೋಟದ ಗಾಜು ಒರೆಸುವುದು, ಸೇತುವೆಯನ್ನು ಹುಡುಕಿ ಗುರಿ ಕೂರಿಸುವುದು, ದಿನವೂ, ಒಂದೂ ಬಿಡದೆ. ನಂತರದ ಕಾಲದಲ್ಲಿ ಈ ಗನ್ನುಗಳ ಜಾಗಕ್ಕೆ ಕ್ಷಿಪಣಿಗಳು ಬಂದವು. ಗುಂಡನ್ನು ತಂತಿಯ ತುದಿಯಲ್ಲಿ ಹಿಡಿದು ಗುರಿ ಮುಟ್ಟುವವರೆಗೂ ನಡೆಸಿಕೊಂಡು ಹೋಗುವಂಥವು. ಕೋಣೆಯಲ್ಲಿ ಕೂತು ಪರದೆಯ ಮುಂದೆ ಕಲಿಯುವುದೂ ಬಂತು. ಅದು ಒಳ್ಳೆಯದೇ. ಕಾಯುವ ಕೆಲಸವನ್ನು ಮಾತ್ರ ಯಾವ ಯಂತ್ರವೂ ಇನ್ನೂ ನಮ್ಮಿಂದ ತೆಗೆದುಕೊಂಡಿಲ್ಲ.

ಗೋಧಿ ಕೊಯ್ಲಿನ ಹೊತ್ತಿಗೆ ನೋಟದ ಗಾಜಿನ ಕೆಳಗಂಚಿನಲ್ಲಿ ಏನೋ ಹಸಿರು ಅಲ್ಲಾಡಿತು. ಒರೆಸಿದೆ. ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಕಡಿದ ಹೊಲದ ತುಂಬ ಕಬ್ಬಿನ ಚಿಗುರು. ಬೇಬೇ ಕಾಲುವೆಯಿಂದ ನೀರು ತಿರುಗಿಸುತ್ತ ಆರಾಮವಾಗಿ ಓಡಾಡುತ್ತಿದ್ದಳು.

ಬಾಪೂಜಿ ನಗರದಲ್ಲಿ ಬೆಳೆದ ನನಗೆ ಕಬ್ಬು ಗೊತ್ತಿದ್ದದ್ದು ಸಂಕ್ರಾಂತಿಗೆ ಮಾರುವ ಜಲ್ಲೆಯಾಗಿ ಮಾತ್ರ. ಬಸಪ್ಪ ಹತ್ತಿರ ಬಂದು ಹೇಳಿದ: “ಕೂಳಿ ಕಬ್ರೀ ಅಣ್ಣಾರ. ಕಡದ ಬುಡದಿಂದ ತಾನ ಏಳತೈತಿ.”

“ನಿನಗೆ ಮೊದಲೇ ಗೊತ್ತಿತ್ತೇನೋ?”

“ಗೊತ್ತಿರದೇನ್ರಿ, ನಮ್ಮಪ್ಪಂದೂ ಕಬ್ಬಿನ ಹೊಲ. ನೀವು ಕೇಳಲಿಲ್ರೆಲ್ಲ. ಯವಹಾರ ಮಾಡೋ ಮುಂದ ನಡಬರಕ ಬಾಯಿ ಹಾಕಬ್ಯಾಡ ಅಂತ ನೀವ ಹೇಳಿದ್ರಿ.”

ಬೇಬೇಯನ್ನು ಕೇಳಿದೆ. ನೀನು ಕಬ್ಬು ಕೇಳಿದೆ, ಕೊಟ್ಟೆ, ಬೇರು ಕೇಳಲಿಲ್ಲ ಅಂದಳು. ನಗಲಿಲ್ಲ, ನನ್ನ ಮುಖವನ್ನು ಮಾತ್ರ ಚೆನ್ನಾಗಿ ನೋಡಿದಳು. ಅಷ್ಟು ವರ್ಷದಲ್ಲಿ ನನ್ನನ್ನು ಸಲೀಸಾಗಿ ಗೆದ್ದ ಗಿರಾಕಿ ಅವಳೊಬ್ಬಳೇ.

ಕಬ್ಬು ಏಳುತ್ತ ಹೋಯಿತು, ನಾವೂ ಗನ್ ಎತ್ತುತ್ತ ಹೋದೆವು. ಗನ್ನಿನ ಅಡಿಗೆ ಮರಳಿನ ಮೂಟೆಗಳ ಒಂದು ಸಾಲು ಹಾಕಿದರೆ ಕೆಲವು ದಿನ ಸೇತುವೆ ಕಾಣುತ್ತಿತ್ತು. ಮತ್ತೆ ಗರಿಗಳು ಬಂದು ಮುಚ್ಚುತ್ತಿದ್ದವು. ಮತ್ತೊಂದು ಸಾಲು. ಮಳೆ ಶುರುವಾಗುವ ಹೊತ್ತಿಗೆ ಸಾಹೇಬರು ಬಂದು ಗನ್ನಿನ ಪಕ್ಕ ಕೂತು ಗಾಜಿನಲ್ಲಿ ನೋಡಿದರು. ಇಳಿದು ಬಂದು, ಇನ್ನೊಂದು ಸಾಲು ಹಾಕಿದರೆ ನಿಮ್ಮ ತಲೆಗಳು ಏರಿಯ ಮೇಲೆ ಕಾಣುತ್ತವೆ, ಸೇತುವೆ ಹತ್ತಿರ ಬಂದವನು ಮೊದಲು ನಿಮ್ಮನ್ನೇ ಹೊಡೆಯುತ್ತಾನೆ ಅಂದರು. ಅವರ ಮಾತು ಖಂಡಿತ ಸರಿ. ಈ ವಾರ ಕಬ್ಬು ಹೋಗಬೇಕು ಅಂದರು.

ನಾನು ಬೇಬೇ ಹತ್ತಿರ ಹೋದೆ. ಅವಳು ಕೊಟ್ಟಿಗೆಯ ನೆರಳಿನಲ್ಲಿ ಮೇವು ಕತ್ತರಿಸುತ್ತಿದ್ದಳು. ವಿಷಯ ಹೇಳಿದೆ.

“ಹೋದ ಸಲ ನೀನು ನನ್ನ ಎಮ್ಮೆ ಬಿಟ್ಟೆ, ಕಬ್ಬು ತಗೊಂಡೆ. ಈ ಸಲ ಏನು ಕೊಡ್ತೀಯಾ?”

ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗೇ ಹೇಳಿದೆ.

ಅವಳು ಕುಡುಗೋಲು ಕೆಳಗಿಟ್ಟಳು. ಕೂತುಕೋ ಅಂದಳು. ಆಮೇಲೆ ಅವಳು ಕೇಳಿದಳು: “ಅವರು ಬರ್ತಾರಾ?”

ಅಷ್ಟು ತಿಂಗಳಲ್ಲಿ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಅದನ್ನು ಕೇಳುವ ಹಾಗಿಲ್ಲ. ಬರುತ್ತಾರೆ ಅಂದರೆ ಅವಳು ಇವತ್ತೇ ಕಡಿಯುತ್ತಾಳೆ ಎಂದು ನನಗೆ ಕಾಣುತ್ತಿತ್ತು. ನನ್ನ ಕೆಲಸ ಆಗುತ್ತಿತ್ತು. ಬಾಯಿಯವರೆಗೂ ಬಂತು.

“ಗೊತ್ತಿಲ್ಲ ಬೇಬೇ” ಅಂದೆ.

ಅವಳು ಕಬ್ಬಿನ ಕಡೆ ನೋಡಿದಳು. “ಬರ್ತಾರೆ ಅಂದಿದ್ರೆ ಎಲ್ಲಾ ಕಡೀತಿದ್ದೆ. ಬರಲ್ಲ ಅಂದಿದ್ರೆ ಒಂದೂ ಕಡೀತಿರಲಿಲ್ಲ. ಗೊತ್ತಿಲ್ಲ ಅಂತೀಯಾ. ಗೊತ್ತಿಲ್ಲ ಅನ್ನೋದಕ್ಕೆ ಎಷ್ಟು ಕಬ್ಬು ಕಡೀಲಿ, ನೀನೇ ಹೇಳು.”

ನಾನು ಎದ್ದು ಸಾಹೇಬರ ಹತ್ತಿರ ಹೋಗಿ ಅದೇ ಮಾತನ್ನು ಹಾಗೇ ಕೇಳಿದೆ. ಅವರು ಬೈಯಬಹುದಿತ್ತು. ಬೈಯಲಿಲ್ಲ. ಮತ್ತೆ ಹೋಗಿ ಗನ್ನಿನ ಪಕ್ಕ ಕೂತರು, ಬಹಳ ಹೊತ್ತು ಕೂತರು. ಹೊಲವೆಲ್ಲ ಕಾಣದಿದ್ದರೂ ಪರವಾಗಿಲ್ಲ, ಇಲ್ಲಿಂದ ಸೇತುವೆಗೆ ಒಂದು ಓಣಿ ಸಾಕು, ಅಕ್ಕಪಕ್ಕವನ್ನು ಮುಂದಿನ ಗನ್ ನೋಡಿಕೊಳ್ಳಲಿ, ಆ ಗನ್ನಿನವರ ಜೊತೆ ನಾನು ಮಾತಾಡುತ್ತೇನೆ ಅಂದರು. ಆಜ್ಞೆ ಕೊಟ್ಟವನೇ ಕೂತು ಅದನ್ನು ಚಿಕ್ಕದು ಮಾಡಿದ್ದನ್ನು ನಾನು ಸರ್ವೀಸಿನಲ್ಲಿ ಬಹಳ ಸಲ ನೋಡಿಲ್ಲ.

ಮರುದಿನ ಬೇಬೇ ನಮ್ಮ ಕೈಗೆ ಕುಡುಗೋಲು ಕೊಡಲಿಲ್ಲ. ನೀವು ಕಡಿದರೆ ಹೆಚ್ಚು ಕಡಿಯುತ್ತೀರಿ ಅಂದಳು. ಬಸಪ್ಪ ಗನ್ನಿನ ಪಕ್ಕ ಕೂತ. ನಾನು ಏರಿಯ ಮೇಲೆ ನಿಂತು ಅವನು ಹೇಳಿದಂತೆ ಎಡಕ್ಕೆ, ಬಲಕ್ಕೆ ಕೈ ಬೀಸಿದೆ. ಅವಳು ಬುಡಕ್ಕೆ ಬಗ್ಗಿ ಕಡಿಯುತ್ತ ಹೋಗುತ್ತಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ತಿರುಗಿ, ಸಾಕಾ ಎಂಬಂತೆ ನೋಡುತ್ತಿದ್ದಳು. ಇನ್ನೂ ಅಂತ ಕೈ ಮಾಡಿದರೆ ಮತ್ತೆ ಬಗ್ಗುತ್ತಿದ್ದಳು. ಸೇತುವೆಯ ಕಮಾನು ಪೂರ್ತಿ ಕಂಡಿತು ಎಂದು ಬಸಪ್ಪ ಕೂಗಿದ, ನಾನು ಕೈ ಎತ್ತಿದೆ. ಎತ್ತಿದ ಕುಡುಗೋಲನ್ನು ಅವಳು ಅಲ್ಲೇ ಇಳಿಸಿದಳು. ಅದರ ಮುಂದಿದ್ದ ಜಲ್ಲೆ ಹಾಗೇ ನಿಂತುಕೊಂಡಿತು.

ಮಳೆಗಾಲ ಮುಗಿದ ಮೇಲೆ ನಮ್ಮನ್ನು ಹಿಂದಕ್ಕೆ ಕರೆದರು. ಅಲ್ಲಿಯವರೆಗೆ ಆ ಓಣಿಯನ್ನು ನಾವು ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಕಾದೆವು. ಸೇತುವೆಯ ಕಡೆಯಿಂದ ಆ ಓಣಿಯಲ್ಲಿ ನಮ್ಮತ್ತ ನಡೆದು ಬಂದವಳು ಬೇಬೇ ಒಬ್ಬಳೇ, ಮಧ್ಯಾಹ್ನ ತಿರುಗಿದ ಮೇಲೆ, ತಲೆಯ ಮೇಲೆ ಎಮ್ಮೆಗಳಿಗೆ ಕಬ್ಬಿನ ಗರಿಯ ಹೊರೆ ಹೊತ್ತು. ಗಾಜಿನಲ್ಲಿ ಮೊದಲು ಹೊರೆ ಕಾಣುತ್ತಿತ್ತು, ಆಮೇಲೆ ಮುಖ. ಗುರಿಯನ್ನು ಸೇತುವೆಯಿಂದ ಕದಲಿಸಬಾರದು ಎಂಬುದು ನಮ್ಮ ನಿಯಮ. ಆದರೂ ಅವಳು ಕಂಡ ಕೂಡಲೇ ಬಸಪ್ಪ ಚಕ್ರ ತಿರುಗಿಸಿ ಗನ್ನಿನ ಮೂತಿಯನ್ನು ಒಂದು ಪಕ್ಕಕ್ಕೆ ಸರಿಸಿ, ಅವಳು ಏರಿ ಹತ್ತಿ ಈಚೆ ಇಳಿಯುವ ತನಕ ಹಾಗೇ ಹಿಡಿದಿರುತ್ತಿದ್ದ. ನಾನು ಗುರಿ ನೋಡಿಕೋ ಎಂದು ಅವನಿಗೆ ಒಂದು ದಿನವೂ ಹೇಳಲಿಲ್ಲ.